ಬೆಲೆ ಗೊತ್ತಿಲ್ಲದ ಕಿವಿ

2022ರ ಜುಲೈಯಲ್ಲಿ ಅಮೆರಿಕದ ಫೀನಿಕ್ಸ್ ನಗರದ ರೆಕಾರ್ಡ್ ಅಂಗಡಿಯ ಮಾಲೀಕರೊಬ್ಬರು ಯೂಟ್ಯೂಬ್‌ಗೆ ಒಂದು ವಿಡಿಯೊ ಹಾಕಿದರು. ಕ್ಯಾಲಿಫೋರ್ನಿಯಾದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿಗಳು ಪೂರ್ತಿ ಅನಲಾಗ್ ಅಲ್ಲ, ಮೂಲ ಟೇಪಿನಿಂದ ತಟ್ಟೆಗೆ ಬರುವ ದಾರಿಯಲ್ಲಿ ಒಂದು ಡಿಜಿಟಲ್ ಕಡತ ಇದೆ ಎಂದು ತಮಗೆ ತಿಳಿದುಬಂದಿದೆ ಎಂದರು. ಹೊರಗಿನವರಿಗೆ ಇದರಲ್ಲಿ ಸುದ್ದಿಯಾಗುವಂಥದ್ದು ಏನೂ ಕಾಣದು. ಎಲ್‌ಪಿ ಪ್ರಿಯರ ಲೋಕದಲ್ಲಿ ಮಾತ್ರ ಸಿಡಿಲು ಬಡಿದಂತಾಯಿತು.

ಆ ಲೋಕದ ನಂಬಿಕೆಯನ್ನು ಸ್ವಲ್ಪ ವಿವರಿಸಬೇಕು. ಧ್ವನಿಯನ್ನು ಅಂಕಿಗಳಾಗಿ ಒಡೆದ ಕೂಡಲೇ ಅದರ ಜೀವ ಹೋಗುತ್ತದೆ, ಟೇಪಿನಿಂದ ನೇರವಾಗಿ ತಟ್ಟೆಗೆ ಕೊರೆದಾಗ ಮಾತ್ರ ಹಾಡುಗಾರರ ಉಸಿರು ಉಳಿಯುತ್ತದೆ, ಪಳಗಿದ ಕಿವಿಗೆ ಈ ಭೇದ ಮೊದಲ ಕೆಲವು ಕ್ಷಣಗಳಲ್ಲೇ ಗೊತ್ತಾಗುತ್ತದೆ ಎಂದು ಅಲ್ಲಿ ಬಹಳ ಮಂದಿ ನಂಬಿದ್ದಾರೆ. ಇವರ ಪಾಲಿಗೆ ಮೊಬೈಲ್ ಫಿಡೆಲಿಟಿ ಎಂದರೆ ಶುದ್ಧತೆಯ ಮುದ್ರೆ. ಅದರ ತಟ್ಟೆಗಳ ಹೊದಿಕೆಯ ನೆತ್ತಿಯ ಮೇಲೆ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಎಂಬ ಪಟ್ಟಿ ಇರುತ್ತಿತ್ತು. ಕೆಲವು ಆವೃತ್ತಿಗಳಿಗೆ ನೂರು ಡಾಲರಿಗೂ ಮೇಲ್ಪಟ್ಟ ಬೆಲೆ. ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ ಅನ್ನು 40,000 ಪ್ರತಿ ಒತ್ತುವುದಾಗಿ ಕಂಪನಿ ಪ್ರಕಟಿಸಿದಾಗ ಒಳಗಿನ ಕೆಲಸ ಬಲ್ಲವರಿಗೆ ಅನುಮಾನ ಬಂತು. ಕಂಪನಿ ಹೇಳಿಕೊಂಡ ವಿಧಾನದಲ್ಲಿ ಅಷ್ಟು ಪ್ರತಿ ತೆಗೆಯಲು ಮೂಲ ಟೇಪನ್ನು ಮತ್ತೆ ಮತ್ತೆ ಓಡಿಸಬೇಕು. ನಾಲ್ಕು ದಶಕ ಹಳೆಯ ಟೇಪನ್ನು ಹಾಗೆ ಸವೆಸಲು ಯಾರು ಕೊಟ್ಟಾರು?

ಕಂಪನಿಯ ಎಂಜಿನಿಯರುಗಳು ಆ ಅಂಗಡಿಯವರನ್ನು ಕರೆಸಿ ಕೂರಿಸಿಕೊಂಡು ಉತ್ತರ ಕೊಟ್ಟರು. ಹೌದು, ಟೇಪನ್ನು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು ಅದರಿಂದಲೇ ತಟ್ಟೆ ಕೊರೆಯುತ್ತೇವೆ. 2011ರಿಂದಲೂ ಹೀಗೆ ಮಾಡುತ್ತಿದ್ದೇವೆ. ಮುಂದೆ ಗ್ರಾಹಕರು ಕೋರ್ಟಿಗೆ ಹೋದರು, ಸುಮಾರು 2.5 ಕೋಟಿ ಡಾಲರಿನ ರಾಜಿಯಾಯಿತು. ಗ್ರಾಹಕರಿಂದ ಮುಚ್ಚಿಟ್ಟದ್ದು ತಪ್ಪು, ಆ ಸಿಟ್ಟು ನ್ಯಾಯವಾದದ್ದೇ. ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಇನ್ನೂ ದೊಡ್ಡ ಸಂಗತಿ ಇದೆ. ಹನ್ನೊಂದು ವರ್ಷ ಕಾಲ ಈ ತಟ್ಟೆಗಳನ್ನು ಜಗತ್ತಿನ ಅತ್ಯಂತ ದುಬಾರಿ ಸಲಕರಣೆಗಳ ಮೇಲೆ, ಅತ್ಯಂತ ಪಳಗಿದ ಕಿವಿಗಳು ಕೇಳಿದ್ದವು. ವಿಮರ್ಶೆಗಳಲ್ಲಿ ಅವುಗಳ ಅನಲಾಗ್ ಸೊಗಸನ್ನು ಕೊಂಡಾಡಲಾಗಿತ್ತು. ಗುಟ್ಟು ಕೊನೆಗೆ ಹೊರಬಿದ್ದದ್ದು ಒಳಗಿನವರ ಬಾಯಿಂದ. ಕೇಳಿ ಕಂಡುಹಿಡಿದವರು ಯಾರೂ ಇರಲಿಲ್ಲ.

ಡಿಎಸ್‌ಡಿ ಧ್ವನಿಯನ್ನು ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಬಾರಿ ಅಳೆಯುವ ಪದ್ಧತಿ. ಸಿಡಿಯದ್ದು 44,100 ಬಾರಿ. ಆದ್ದರಿಂದ ಅದರ ಸುಳಿವು ಸಿಗದೇ ಹೋದದ್ದರಲ್ಲಿ ಭೌತಶಾಸ್ತ್ರದ ದೃಷ್ಟಿಯಿಂದ ಅಚ್ಚರಿ ಇಲ್ಲ. ಸಿಡಿಯ ಮೇಲೆ ಹೊರಿಸುವ ‘ಮೆಟ್ಟಿಲು ಮೆಟ್ಟಿಲಾದ ಧ್ವನಿ’ ಎಂಬ ಆರೋಪಕ್ಕೂ ಉತ್ತರ ಹಳೆಯದೇ. ನೈಕ್ವಿಸ್ಟ್ 1928ರಲ್ಲಿ ಸುಳಿವು ಕೊಟ್ಟು, ಶಾನನ್ 1949ರಲ್ಲಿ ಗಣಿತದಿಂದ ಸಾಧಿಸಿದ ಪ್ರಮೇಯದ ಪ್ರಕಾರ, ಒಂದು ಸಂಕೇತದಲ್ಲಿರುವ ಅತಿ ಎತ್ತರದ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅದನ್ನು ಅಳೆದರೆ, ಆ ಬಿಂದುಗಳಿಂದ ಮೂಲ ಅಲೆಯನ್ನು ಇದ್ದದ್ದು ಇದ್ದಂತೆ ಮರಳಿ ಕಟ್ಟಬಹುದು. ಬಿಂದುಗಳ ನಡುವೆ ಏನೂ ಕಳೆದುಹೋಗಿರುವುದಿಲ್ಲ. ಪ್ಲೇಯರಿನ ಹಿಂಬದಿಯ ತೂತಿಗೆ ಆಸಿಲ್ಲೊಸ್ಕೋಪ್ ಸಿಕ್ಕಿಸಿದರೆ ನಯವಾದ ಅಲೆ ಕಾಣುತ್ತದೆಯೇ ಹೊರತು ಮೆಟ್ಟಿಲಲ್ಲ. ಮನುಷ್ಯರ ಕಿವಿಯ ಮೇಲಿನ ಮಿತಿ ಎಳೆಯ ವಯಸ್ಸಿನಲ್ಲಿ 20,000 ಹರ್ಟ್ಜ್. ವಯಸ್ಸಾದಂತೆ ಅದು ಇಳಿಯುತ್ತ ಹೋಗುತ್ತದೆ.

ಹಾಗಾದರೆ ಆ ಶ್ರೋತೃಗಳು ಸುಳ್ಳು ಹೇಳುತ್ತಿದ್ದರೇ? ಖಂಡಿತ ಇಲ್ಲ. ಈ ವಿಷಯವನ್ನು ಚರ್ಚಿಸುವಾಗ ವಿಚಾರವಾದಿಗಳು ಎಡವುವುದು ಇಲ್ಲಿಯೇ. ‘ನನಗೆ ವ್ಯತ್ಯಾಸ ಕೇಳಿಸಿತು’ ಎಂದವರನ್ನು ಮೋಸಗಾರರೆಂದೋ ಮಂಕುಗಳೆಂದೋ ಕರೆಯುವುದು ಅನ್ಯಾಯ ಮಾತ್ರವಲ್ಲ, ಅವೈಜ್ಞಾನಿಕ ಕೂಡ. ಅವರಿಗೆ ನಿಜವಾಗಿಯೂ ಕೇಳಿಸಿತು. ಆ ಅನುಭವ ಹುಟ್ಟಿದ್ದು ಎಲ್ಲಿ ಎಂಬುದಷ್ಟೇ ಪ್ರಶ್ನೆ.

ನಮ್ಮ ಕಿವಿ ಎಂಥ ಅದ್ಭುತ ಎನ್ನುವುದನ್ನು ಮೊದಲು ಒಪ್ಪಿಕೊಳ್ಳೋಣ. ಕೇಳಿಸಿಯೂ ಕೇಳಿಸದಂಥ ಸದ್ದಿಗೆ ಕಿವಿಯ ತಮಟೆ ಅಲುಗುವ ದೂರ ಹೈಡ್ರೋಜನ್ ಪರಮಾಣುವಿನ ವ್ಯಾಸಕ್ಕಿಂತ ಕಡಿಮೆ. ಅಲ್ಲಿಂದ ನೋವಾಗುವಷ್ಟು ಜೋರಿನ ಸದ್ದಿನವರೆಗೆ ತೀವ್ರತೆಯ ಅಂತರ ಲಕ್ಷ ಕೋಟಿ ಪಟ್ಟಿಗೂ ಮಿಗಿಲು. ಕಛೇರಿಗೆ ಮುನ್ನ ತಂಬೂರಿ ಶ್ರುತಿ ಮಾಡುವವರನ್ನು ಹತ್ತಿರದಿಂದ ಗಮನಿಸಿ. ಬಿರಡೆ ತಿರುಗಿಸುವುದು ಮುಗಿದ ಮೇಲೆ ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಎರಡು ಷಡ್ಜದ ತಂತಿಗಳಲ್ಲಿ ಒಂದು 140 ಹರ್ಟ್ಜ್, ಇನ್ನೊಂದು 140.5 ಹರ್ಟ್ಜ್ ಇದ್ದರೆ ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ತಗ್ಗುತ್ತದೆ. ಆ ಅಲೆ ಅಡಗುವವರೆಗೂ ಅವರು ಬಿಡುವುದಿಲ್ಲ. ಆಮೇಲೆ ಕುದುರೆಯ ಮೇಲಿನ ಹತ್ತಿಯ ಎಳೆಯನ್ನು ಒಂದಿಷ್ಟು ಹಿಂದೆ ಮುಂದೆ ಜರುಗಿಸಿದಾಗ ತಂತಿ ತೆರೆದುಕೊಂಡು ಗುಂಯ್‌ಗುಡುತ್ತದೆ. ಇದೆಲ್ಲ ಕಿವಿಯದೇ ಕೆಲಸ, ಬರೀ ಕಿವಿಯದು. ಇಂಥ ಇಂದ್ರಿಯವನ್ನು ಹಗುರವಾಗಿ ಕಾಣುವವರು ಧ್ವನಿವಿಜ್ಞಾನ ಮಾಡಲಾರರು.

ಆದರೆ ಕೇಳುವುದು ಎಂಬ ಅನುಭವ ಕಿವಿಯಲ್ಲಿ ಮುಗಿಯುವುದಿಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು, ಅದರ ವಿಡಿಯೊಗಳು ಹೇರಳವಾಗಿವೆ. ಪರದೆಯ ಮೇಲಿನ ವ್ಯಕ್ತಿಯ ತುಟಿಗಳು ‘ಗ’ ಎನ್ನುತ್ತಿರುತ್ತವೆ, ಜೋಡಿಸಿದ ಧ್ವನಿ ‘ಬ’. ನೋಡುವವರಿಗೆ ಕೇಳಿಸುವುದು ‘ದ’. ಕಣ್ಣು ಮುಚ್ಚಿದರೆ ‘ಬ’, ತೆರೆದರೆ ಮತ್ತೆ ‘ದ’. ಹಿಂದಿನ ಮರ್ಮ ಗೊತ್ತಿದ್ದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಕಣ್ಣು ತಂದ ಸುದ್ದಿಯನ್ನೂ ಕಿವಿ ತಂದ ಸುದ್ದಿಯನ್ನೂ ಮಿದುಳು ನಮ್ಮನ್ನು ಕೇಳದೆಯೇ ಬೆರೆಸಿ ಒಂದು ಅನುಭವವಾಗಿ ಕೈಗಿಡುತ್ತದೆ. ಬೆಲೆಯ ಸುದ್ದಿಯೂ ಹಾಗೆಯೇ ಬೆರೆಯುತ್ತದೆ. 2008ರಲ್ಲಿ ಪ್ರಕಟವಾದ ಕ್ಯಾಲ್‌ಟೆಕ್ ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಎಂದು ಹೇಳಿ ಕುಡಿಸಿದರು. ದುಬಾರಿ ಎಂದಾಗ ಹೆಚ್ಚು ರುಚಿ ಎಂದು ಜನ ಹೇಳಿದರು. ಅಷ್ಟೇ ಅಲ್ಲ, ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗ ಸ್ಕ್ಯಾನರಿನಲ್ಲಿ ಹೆಚ್ಚು ಚುರುಕಾಗಿ ಕಂಡಿತು. ಬೆಲೆ ಅವರ ಸುಖವನ್ನೇ ಹೆಚ್ಚಿಸಿತ್ತು.

ಈಗ ಆಡಿಯೊ ತಂತಿಗೆ ಬರೋಣ. ದುಬಾರಿ ಸಲಕರಣೆಗಳ ಹೈ-ಎಂಡ್ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಮಾತು, ಅತಿ ಹೆಚ್ಚು ಲಾಭ, ಅತಿ ಕಡಿಮೆ ಪುರಾವೆ ಇರುವುದು ತಂತಿಗಳ ಬಗ್ಗೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಒಂದು ಜೊತೆ ವೈರಿಗೆ ಲಕ್ಷಾಂತರ ರೂಪಾಯಿ ಕೊಡುವವರಿದ್ದಾರೆ. ಆಮ್ಲಜನಕ ತೆಗೆದ ತಾಮ್ರ, ಬೆಳ್ಳಿಯ ಲೇಪ, ಒಂದೇ ಹರಳಿನಿಂದ ಎಳೆದ ಎಳೆ, ವಿದ್ಯುತ್ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು: ಮಾತು ಎಷ್ಟು ಬೇಕಾದರೂ ಇದೆ. ಲೆಕ್ಕ ಏನು ಹೇಳುತ್ತದೆ?

ನಮ್ಮ ಮನೆಗಳ ಪ್ಲಗ್ ಪಾಯಿಂಟಿಗೆ ಎಳೆಯುವ, ಎಲೆಕ್ಟ್ರೀಷಿಯನ್‌ಗಳು ‘ಎರಡೂವರೆ ಎಂಎಂ’ ಎನ್ನುವ ತಾಮ್ರದ ವೈರನ್ನೇ ತೆಗೆದುಕೊಳ್ಳಿ. ಅದರ ಅಡ್ಡಕೊಯ್ತ 2.5 ಚದರ ಮಿಲಿಮೀಟರ್, ಮೀಟರಿಗೆ ಸುಮಾರು 0.007 ಓಮ್ ರೋಧ. ಸ್ಪೀಕರ್ ಮೂರು ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ ಆರು ಮೀಟರ್, ಒಟ್ಟು ರೋಧ 0.04 ಓಮ್. ಸ್ಪೀಕರಿನದು 8 ಓಮ್. ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜು ಶೇಕಡಾ ಅರ್ಧ, ಡೆಸಿಬೆಲ್ ಲೆಕ್ಕದಲ್ಲಿ 0.04. ಸ್ಪೀಕರಿನ ರೋಧ ಕೆಲವು ಆವರ್ತನಗಳಲ್ಲಿ 4 ಓಮ್‌ಗೆ ಇಳಿದರೂ ಇದು 0.09 ದಾಟುವುದಿಲ್ಲ. ಎಲ್ಲ ಅನುಕೂಲಗಳಿರುವ ಪ್ರಯೋಗಾಲಯದಲ್ಲೂ ಸಂಗೀತದಲ್ಲಿ ಗುರುತು ಸಿಗಲು ಇದರ ಹಲವು ಪಟ್ಟು ಬೇಕು. ಅಂದರೆ ಲಕ್ಷ ರೂಪಾಯಿಯ ತಂತಿ ರೋಧವನ್ನು ಪೂರ್ತಿ ಸೊನ್ನೆ ಮಾಡಿದರೂ, ಅದು ಮರಳಿಸಿ ಕೊಡಬಹುದಾದ್ದು ಈ 0.04 ಡೆಸಿಬೆಲ್ ಮಾತ್ರ.

ಇನ್ನು ‘ಸ್ಕಿನ್ ಇಫೆಕ್ಟ್’ ಎಂಬ ವಾದ. ಆವರ್ತನ ಹೆಚ್ಚಿದಂತೆ ವಿದ್ಯುತ್ ವಾಹಕದ ಹೊರಮೈಗೆ ಸರಿಯುತ್ತದೆ, ಆದ್ದರಿಂದ ಮಾಮೂಲು ತಂತಿಯಲ್ಲಿ ತಾರಸ್ವರಗಳು ಮಂಕಾಗುತ್ತವೆ ಎಂದು ಕರಪತ್ರಗಳು ಹೇಳುತ್ತವೆ. ಪರಿಣಾಮವೇನೋ ನಿಜ. ರೇಡಿಯೊ ತರಂಗಗಳಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಹೆಜ್ಜೆಯೂ ಇಡಲಾಗದು. 20,000 ಹರ್ಟ್ಜ್‌ನಲ್ಲಿ ತಾಮ್ರದಲ್ಲಿ ಹೀಗೆ ವಿದ್ಯುತ್ ಹರಿಯುವ ಹೊರಪದರದ ಆಳ 0.47 ಮಿಲಿಮೀಟರ್. ನಮ್ಮ ಎರಡೂವರೆ ಎಂಎಂ ತಂತಿಯನ್ನು ಒಂದೇ ಗಟ್ಟಿ ಎಳೆ ಎಂದುಕೊಂಡರೆ ಅದರ ತ್ರಿಜ್ಯ 0.9 ಮಿಲಿಮೀಟರ್. ಹಾಗಾಗಿ ಮನುಷ್ಯರಿಗೆ ಕೇಳಿಸುವ ಕಟ್ಟಕಡೆಯ ಸ್ವರದಲ್ಲಿ ರೋಧ ಸುಮಾರು ಕಾಲು ಪಾಲು ಏರುತ್ತದೆ: 0.04 ಇದ್ದದ್ದು 0.05 ಓಮ್ ಆಗುತ್ತದೆ. ಡೆಸಿಬೆಲ್‌ನ ನೂರನೇ ಒಂದು ಭಾಗ. ಹುಸಿವಿಜ್ಞಾನ ಬಹಳ ಸಲ ಹೀಗೆಯೇ ಕೆಲಸ ಮಾಡುತ್ತದೆ. ಪಠ್ಯಪುಸ್ತಕದಲ್ಲಿರುವ ನಿಜವಾದ ಪರಿಣಾಮವೊಂದನ್ನು ಹೆಸರಿಸಿ, ಅದರ ಪ್ರಮಾಣವನ್ನು ಮಾತ್ರ ಹೇಳದೆ ಬಿಡುತ್ತದೆ. ಹೆಸರು ಕೇಳಿದ ಕೂಡಲೇ ‘ಎಷ್ಟು?’ ಎಂದು ಕೇಳುವ ಅಭ್ಯಾಸ ಬೆಳೆಸಿಕೊಂಡವರು ಅರ್ಧ ಬಚಾವಾದಂತೆ.

ಬಾಣದ ಗುರುತಿನ ವಿಷಯ ಇನ್ನೂ ಸ್ವಾರಸ್ಯಕರ. ತಂತಿಯಲ್ಲಿ ಎಲೆಕ್ಟ್ರಾನುಗಳು ಆಂಪ್ಲಿಫೈಯರಿನಿಂದ ಹೊರಟು ಸ್ಪೀಕರಿಗೆ ಓಡುತ್ತವೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ನಿಜದಲ್ಲಿ, ಎರಡೂವರೆ ಎಂಎಂ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಅವುಗಳ ಸರಾಸರಿ ವೇಗ ಸೆಕೆಂಡಿಗೆ 0.03 ಮಿಲಿಮೀಟರ್. ಧ್ವನಿಯ ಸಂಕೇತವೋ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವಂಥದ್ದು. 1000 ಹರ್ಟ್ಜ್‌ನ ಸ್ವರಕ್ಕೆ ಎಲೆಕ್ಟ್ರಾನು ಅರ್ಧ ಮಿಲಿಸೆಕೆಂಡು ಅತ್ತ ಸರಿದು ಮರಳಿ ಇತ್ತ ಬರುತ್ತದೆ. ಅದು ಕ್ರಮಿಸುವ ದೂರ ಹತ್ತು ನ್ಯಾನೊಮೀಟರಿನ ಒಳಗೆ. ನಮ್ಮ ತಲೆಗೂದಲ ದಪ್ಪ ಇದರ ಸಾವಿರಾರು ಪಟ್ಟು. ಇಡೀ ಕಛೇರಿಯ ರಾಗಾಲಾಪನೆ, ತನಿ, ಮಂಗಳ ಎಲ್ಲ ಮುಗಿದರೂ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಇದ್ದಲ್ಲೇ ತೂಗಾಡುತ್ತಿರುತ್ತವೆ. ತಂತಿಯ ಉದ್ದಕ್ಕೂ ಸಾಗುವುದು ವಿದ್ಯುತ್ಕಾಂತ ಕ್ಷೇತ್ರದ ಶಕ್ತಿ. ಇಂತಲ್ಲಿ ಬಾಣ ಯಾವ ಕಡೆಗೆ ಮುಖ ಮಾಡಿದ್ದರೇನು?

ಗೋಡೆಯ ಪ್ಲಗ್ಗಿನಿಂದ ಉಪಕರಣಕ್ಕೆ ಬರುವ ಪವರ್ ಕಾರ್ಡಿನ ಬಗ್ಗೆಯೂ ಇಂಥದೇ ಹೊಗಳಿಕೆ ಕೇಳಿಬರುತ್ತದೆ. ಶರಾವತಿಯಲ್ಲೋ ರಾಯಚೂರಿನಲ್ಲೋ ಹುಟ್ಟಿದ ವಿದ್ಯುತ್ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಹಲವು ಟ್ರಾನ್ಸ್‌ಫಾರ್ಮರ್ ದಾಟಿ, ಕಂಬದಿಂದ ಇಳಿದು, ಮೀಟರು, ಫ್ಯೂಸು, ಗೋಡೆಯೊಳಗಿನ ವೈರು ಹಾದು ಪ್ಲಗ್ಗಿಗೆ ತಲುಪುತ್ತದೆ. ಕೊನೆಯ ಒಂದೂವರೆ ಮೀಟರನ್ನು ಮಾತ್ರ ಬದಲಿಸಿದರೆ ಧ್ವನಿ ಪಾರದರ್ಶಕವಾಗುತ್ತದೆ ಎನ್ನುವುದು, ಹತ್ತಾರು ಮೈಲಿ ಕಬ್ಬಿಣದ ಪೈಪಿನಲ್ಲಿ ಬಂದ ನೀರು ಬೆಳ್ಳಿಯ ನಲ್ಲಿಯಿಂದ ಬಿದ್ದರೆ ಸಿಹಿಯಾಗುತ್ತದೆ ಎಂದಂತೆ. ಮೇಲಾಗಿ ಆಂಪ್ಲಿಫೈಯರು ಆ ಎಸಿಯನ್ನು ಹಾಗೆಯೇ ಬಳಸುವುದಿಲ್ಲ. ಒಳಗೆ ಅದನ್ನು ಡಿಸಿಯಾಗಿ ಬದಲಿಸಿ, ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಂಡು, ಅಲ್ಲಿಂದ ಕೆಲಸ ತೆಗೆಯುತ್ತದೆ.

ಡಿಜಿಟಲ್ ತಂತಿಗಳಲ್ಲಂತೂ ಈ ವಾದಕ್ಕೆ ಕಾಲೂರಲು ನೆಲವೇ ಇಲ್ಲ. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರಿನ ನೆಟ್‌ವರ್ಕ್ ಮಾದರಿಯ ತಂತಿಯನ್ನು 499 ಡಾಲರಿಗೆ ಮಾರುಕಟ್ಟೆಗೆ ತಂದಿತು. ಅದರ ಮೇಲೂ ದಿಕ್ಕಿನ ಗುರುತು. ಡಿಜಿಟಲ್ ತಂತಿಯಲ್ಲಿ ಹೋಗುವುದು ಸೊನ್ನೆ ಮತ್ತು ಒಂದು. ಅವು ಸರಿಯಾಗಿ ತಲುಪುತ್ತವೆ ಅಥವಾ ಇಲ್ಲ. ತಲುಪದಿದ್ದರೆ ಟಪ್ ಎಂಬ ಸದ್ದೋ ಮೌನವೋ ಕೇಳುತ್ತದೆ. ‘ಒಂದು’ ಎಂಬ ಅಂಕಿ ದುಬಾರಿ ತಂತಿಯಲ್ಲಿ ಹೆಚ್ಚು ಮಧುರವಾಗಿ ತಲುಪಲು ಸಾಧ್ಯವಿಲ್ಲ. ಅಲ್ಯೂಮಿನಿಯಂ ಮತ್ತು ಪಾಲಿಕಾರ್ಬೊನೇಟಿನಿಂದ ಮಾಡಿದ, ಅಯಸ್ಕಾಂತಕ್ಕೆ ಅಂಟದ ಸಿಡಿಯ ‘ಕಾಂತತ್ವ ತೆಗೆಯುವ’ ಯಂತ್ರಗಳೂ, ಸಿಡಿಯ ಅಂಚಿಗೆ ಬಳಿಯುವ ಹಸಿರು ಮಾರ್ಕರುಗಳೂ ಬಂದು ಹೋಗಿವೆ. ಅವುಗಳ ಮೇಲೆ ಹೆಚ್ಚು ಪುಟ ಖರ್ಚು ಮಾಡಬೇಕಿಲ್ಲ.

ಇದರ ಅರ್ಥ ‘ಯಾವ ತಂತಿಯಾದರೂ ಒಂದೇ’ ಎಂದಲ್ಲ. ಅರ್ಧ ಎಂಎಂನ ತೆಳು ವೈರನ್ನು ಹದಿನೈದು ಮೀಟರ್ ಎಳೆದರೆ ರೋಧ ಒಂದು ಓಮ್ ತಲುಪುತ್ತದೆ, ಒಂದು ಡೆಸಿಬೆಲ್ ನಷ್ಟ. ಸ್ಪೀಕರಿನ ರೋಧ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ ಸ್ವರಗಳ ಸಮತೋಲವೂ ಕೆಡುತ್ತದೆ. ಅದು ಕೇಳಿಸುತ್ತದೆ. ವಾಲ್ವ್ ಆಂಪ್ಲಿಫೈಯರುಗಳ ಹೊರರೋಧ ಹೆಚ್ಚಾಗಿರುವುದರಿಂದ ಅವು ಸ್ಪೀಕರಿನ ಸ್ವಭಾವವನ್ನು ನಿಜಕ್ಕೂ ಬದಲಿಸುತ್ತವೆ. ಅವುಗಳ ‘ಬೆಚ್ಚಗಿನ ಧ್ವನಿ’ ಭ್ರಮೆಯಾಗಬೇಕಿಲ್ಲ. ಟರ್ನ್‌ಟೇಬಲ್ಲಿನ ಸೂಜಿಯಿಂದ ಬರುವ ಸಂಕೇತ ಅತಿ ಕ್ಷೀಣ, ಅಲ್ಲಿ ತಂತಿಯ ಕೆಪಾಸಿಟೆನ್ಸೂ ಹೊರಗವಚವೂ ಮುಖ್ಯ. ಅರ್ಥಿಂಗ್ ದೋಷವಿದ್ದರೆ 50 ಹರ್ಟ್ಜ್‌ನ ಹಮ್ ಕೇಳುತ್ತದೆ. ಇವೆಲ್ಲ ಅಳೆಯಬಹುದಾದ, ಅಗ್ಗದಲ್ಲೇ ಸರಿಪಡಿಸಬಹುದಾದ ಸಮಸ್ಯೆಗಳು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಕಿವಿಗೂ ಸಲ್ಲುತ್ತದೆ. ಪ್ರಮಾಣಿಸುವುದು ಹೇಗೆ? 1950ರಲ್ಲೇ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ ಸೂಚಿಸಿದ, 1982ರಲ್ಲಿ ಡೇವಿಡ್ ಕ್ಲಾರ್ಕ್ ಉಪಕರಣದ ರೂಪ ಕೊಟ್ಟು ಪ್ರಚಾರಕ್ಕೆ ತಂದ ಎಬಿಎಕ್ಸ್ ಎಂಬ ವಿಧಾನ ಇದೆ. ‘ಎ’ ಒಂದು ಉಪಕರಣ, ‘ಬಿ’ ಇನ್ನೊಂದು. ಇವೆರಡನ್ನೂ ಎಷ್ಟು ಹೊತ್ತು ಬೇಕಾದರೂ ಕೇಳಬಹುದು. ‘ಎಕ್ಸ್’ ಇವೆರಡರಲ್ಲಿ ಒಂದು, ಯಾವುದೆಂದು ಕೇಳುವವರಿಗೂ ಗೊತ್ತಿಲ್ಲ, ಪರೀಕ್ಷೆ ನಡೆಸುವವರಿಗೂ ಗೊತ್ತಿಲ್ಲ. ನಡೆಸುವವರಿಗೆ ಗೊತ್ತಿದ್ದರೆ ಅವರ ಮುಖ, ಧ್ವನಿ, ಕೈಚಲನೆ ಸುಳಿವು ಕೊಡಬಹುದು. ಎಕ್ಸ್ ಎಂದರೆ ಎ ಅಥವಾ ಬಿ ಎಂದು ಉತ್ತರ ಬರೆಯಬೇಕು. ಹದಿನಾರು ಸಲ ಹೀಗೆ ಮಾಡಿದರೆ ಬರೀ ಊಹೆಯಿಂದ ಸುಮಾರು ಎಂಟು ಸರಿಯಾಗುತ್ತವೆ. ಹನ್ನೆರಡು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ಹನ್ನೆರಡು ಬಂದರೆ ಗಂಭೀರವಾಗಿ ಪರಿಗಣಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ‘ಮತ್ತೊಮ್ಮೆ’ ಎಂಬುದು ಮುಖ್ಯ. ಇಪ್ಪತ್ತು ಜನ ಕಿವಿಗೆ ಹತ್ತಿ ತುರುಕಿಕೊಂಡು ಬರೆದರೂ ಅವರಲ್ಲಿ ಒಬ್ಬರಾದರೂ ಹನ್ನೆರಡು ಮುಟ್ಟುವ ಸಂಭವ ಅರ್ಧಕ್ಕಿಂತ ಹೆಚ್ಚು. ಆ ಒಬ್ಬರನ್ನು ಮಾತ್ರ ಎತ್ತಿ ತೋರಿಸಿ ‘ನೋಡಿ, ಚಿನ್ನದ ಕಿವಿ’ ಎನ್ನುವುದು ಬಹಳ ಸುಲಭ.

ಇನ್ನೊಂದು ಷರತ್ತು ಇದಕ್ಕಿಂತ ಮುಖ್ಯ, ಅಂಗಡಿಗಳಲ್ಲಿ ಹೆಚ್ಚಾಗಿ ಮುರಿಯಲ್ಪಡುವುದೂ ಇದೇ. ಎರಡೂ ಉಪಕರಣಗಳ ಸದ್ದು ಒಂದೇ ಮಟ್ಟದಲ್ಲಿರಬೇಕು, 0.1 ಡೆಸಿಬೆಲ್ ಒಳಗೆ. ಒಂದು ಇನ್ನೊಂದಕ್ಕಿಂತ ಅರ್ಧ ಡೆಸಿಬೆಲ್ ಜೋರಾಗಿದ್ದರೆ ನಮಗೆ ಅದು ‘ಜೋರು’ ಎಂದು ಅನ್ನಿಸುವುದಿಲ್ಲ. ಹೆಚ್ಚು ಸ್ಪಷ್ಟ, ಹೆಚ್ಚು ಆಳ, ಹೆಚ್ಚು ಜೀವಂತ ಎನ್ನಿಸುತ್ತದೆ. ಮಟ್ಟ ಹೊಂದಿಸಲು ಬೇಕಾದದ್ದು ಒಂದು ಮಲ್ಟಿಮೀಟರ್. ಸ್ಪೀಕರಿನ ತುದಿಗಳಲ್ಲಿ ಒಂದು ಸ್ಥಿರ ಸ್ವರಕ್ಕೆ 2 ವೋಲ್ಟ್ ಬರುತ್ತಿದ್ದರೆ, ಇನ್ನೊಂದು ಉಪಕರಣದಲ್ಲೂ 1.98ರಿಂದ 2.02ರ ಒಳಗೆ ಬರುವಂತೆ ಹೊಂದಿಸಿದರೆ ಸಾಕು.

ಹೀಗೆ ಪರೀಕ್ಷಿಸಿದಾಗ ಏನಾಗಿದೆ? 1987ರ ಜನವರಿಯಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಆರು ಆಂಪ್ಲಿಫೈಯರುಗಳ ಪರೀಕ್ಷೆ ಪ್ರಕಟಿಸಿತು. ಅಗ್ಗದ್ದು ಇನ್ನೂರು ಚಿಲ್ಲರೆ ಡಾಲರ್, ದುಬಾರಿಯದು 12,000 ಡಾಲರ್. ಕೇಳಿದವರು ಇಪ್ಪತ್ತೈದು ಜನ, ನಂಬುವವರೂ ನಂಬದವರೂ ಸೇರಿ. ಅವರ ಉತ್ತರಗಳು ನಾಣ್ಯ ಚಿಮ್ಮಿದ ಫಲಿತಾಂಶದಿಂದ ಬೇರೆಯಾಗಿರಲಿಲ್ಲ. 2007ರಲ್ಲಿ ಮೇಯರ್ ಮತ್ತು ಮೊರಾನ್ ಸಿಡಿಗಿಂತ ಸೂಕ್ಷ್ಮವಾಗಿ ಅಳೆದ ಹೈ-ರೆಸಲ್ಯೂಶನ್ ಧ್ವನಿಯ ದಾರಿಯಲ್ಲಿ ಸಿಡಿ ಮಟ್ಟದ ಪರಿವರ್ತನೆಯೊಂದನ್ನು ಗುಟ್ಟಾಗಿ ಸೇರಿಸಿ ತೆಗೆದು ಮಾಡಿ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ಶೇಕಡಾ 49.8. ಇದಕ್ಕೆ ಪ್ರತಿಯಾಗಿ ನಿಲ್ಲುವ ಪುರಾವೆಯನ್ನೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಪ್ರಯತ್ನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರ ಶೇಕಡಾ 52.3 ಬಂತು, ವಿಶೇಷ ತರಬೇತಿ ಪಡೆದವರಲ್ಲಿ 60ರ ಆಸುಪಾಸು. ಇದು ಊಹೆಗಿಂತ ಹೆಚ್ಚು, ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಗಣನೀಯ. ಆದ್ದರಿಂದ ಹೈ-ರೆಸಲ್ಯೂಶನ್ ವಿಷಯದಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ವ್ಯತ್ಯಾಸ ಇದ್ದರೂ ಅದು ತರಬೇತಿ ಪಡೆದವರಿಗೂ ಹತ್ತಕ್ಕೆ ನಾಲ್ಕು ಸಲ ತಪ್ಪುವಷ್ಟು ಸೂಕ್ಷ್ಮ. ಜಾಹೀರಾತು ಹೇಳುವ ‘ಕಣ್ಣ ಮುಂದಿನ ಪರದೆ ಸರಿದಂತಾಯಿತು’ ಎಂಬ ಅನುಭವಕ್ಕೂ ಇದಕ್ಕೂ ಬಹಳ ದೂರ.

ಹೀಗೆ ಗುರುತು ಮರೆಮಾಡಿ ನಡೆಸುವ ಬ್ಲೈಂಡ್ ಟೆಸ್ಟಿನ ಬಗ್ಗೆ ಧ್ವನಿಯ ಶುದ್ಧತೆಗೆ ಮನಸೋತ ಆಡಿಯೊಫೈಲ್‌ಗಳ ದೂರು ಇದೆ. ಪರೀಕ್ಷೆಯ ಒತ್ತಡದಲ್ಲಿ ಕಿವಿ ಮಂಕಾಗುತ್ತದೆ, ತಿಂಗಳುಗಟ್ಟಲೆ ಮನೆಯಲ್ಲಿ ಕೇಳಿದರೆ ಮಾತ್ರ ಭೇದ ತಿಳಿಯುತ್ತದೆ ಎನ್ನುತ್ತಾರೆ. ಆಲಿಸಬೇಕಾದ ದೂರು. ಆದರೆ ಇದೇ ವಿಧಾನದಲ್ಲಿ ಅತಿ ಸಣ್ಣ ವ್ಯತ್ಯಾಸಗಳು ಸಿಕ್ಕಿಬಿದ್ದಿವೆ ಎಂಬುದನ್ನು ಮರೆಯಬಾರದು. ಎಂಪಿ3 ರೂಪುಗೊಂಡದ್ದೇ ಇಂಥ ಕೇಳುವ ಪರೀಕ್ಷೆಗಳಿಂದ. ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಸುಝೇನ್ ವೇಗಾರ ‘ಟಾಮ್ಸ್ ಡೈನರ್’ ಹಾಡನ್ನು ಮತ್ತೆ ಮತ್ತೆ ಸಂಕುಚಿಸಿ ಕೇಳಿ, ವಾದ್ಯವಿಲ್ಲದ ಆ ಒಂಟಿ ದನಿ ಎಲ್ಲಿ ಕೆಡುತ್ತದೆಂದು ಹುಡುಕಿ ಹುಡುಕಿ ತಿದ್ದಿದರು. ವ್ಯತ್ಯಾಸ ಇದ್ದಾಗ ತೆರೆಯ ಮರೆಯಲ್ಲೂ ಕಿವಿ ಅದನ್ನು ಹಿಡಿಯುತ್ತದೆ. ‘ಎಲ್ಲವನ್ನೂ ಅಳೆಯಲಾಗದು’ ಎಂಬ ಇನ್ನೊಂದು ವಾದಕ್ಕೂ ನೇರ ಉತ್ತರ ಇದೆ. ಎರಡು ತಂತಿಗಳಿಂದ ಬಂದ ಸಂಕೇತಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಒಂದೇ ಆಗಿದ್ದದ್ದೆಲ್ಲ ವಜಾ ಆಗಿ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದಕ್ಕೆ ಯಾವ ಹೆಸರಿದ್ದರೂ, ಹೆಸರೇ ಇಲ್ಲದಿದ್ದರೂ, ಉಳಿದದ್ದರಲ್ಲಿ ಅದು ಇರಲೇಬೇಕು. ಹಾಗೆ ಉಳಿದದ್ದು ಕೋಣೆಯ ಮೌನಕ್ಕಿಂತ ಎಷ್ಟೋ ಕೆಳಗಿದ್ದರೆ ಅದನ್ನು ಯಾರ ಕಿವಿಯೂ ಮುಟ್ಟಲಾರದು.

ಮಾರುವವರು ಪರೀಕ್ಷೆಗೆ ಬರುತ್ತಾರೆಯೇ? ವಂಚನೆಗಳನ್ನು ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ 2007ರಲ್ಲಿ ತಮ್ಮ ಹತ್ತು ಲಕ್ಷ ಡಾಲರಿನ ಬಹುಮಾನವನ್ನು ಪಿಯರ್ ಎಂಬ ಕಂಪನಿಯ ಸ್ಪೀಕರ್ ತಂತಿಗೆ ಮುಡಿಪಿಟ್ಟರು. ಹನ್ನೆರಡು ಅಡಿಯ ಒಂದು ಜೊತೆಗೆ 7,250 ಡಾಲರ್, ಅಂದಿನ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಯ ಹತ್ತಿರ. ಮಾಮೂಲು ತಂತಿಯಿಂದ ಇದನ್ನು ಬರೀ ಕೇಳಿ ಬೇರ್ಪಡಿಸಿದವರಿಗೆ ಬಹುಮಾನ ಎಂದರು. ಹೆಸರಾಂತ ವಿಮರ್ಶಕರೊಬ್ಬರು ಒಪ್ಪಿ ಮುಂದೆ ಬಂದರು. ತಂತಿ ಕೊಡಬೇಕಿದ್ದ ಕಂಪನಿ ಹಿಂದೆ ಸರಿಯಿತು. ಷರತ್ತುಗಳ ಬಗ್ಗೆ ಮಾತಿಗೆ ಮಾತು ಬೆಳೆದು ಪರೀಕ್ಷೆ ನಡೆಯಲೇ ಇಲ್ಲ. ಇದನ್ನು ಓದುವಾಗ ನನಗೆ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಅವರು ಕೇಳಿದ್ದೂ ಇಷ್ಟೇ: ನಾವು ಹೇಳಿದ ಸ್ಥಿತಿಯಲ್ಲಿ ಒಮ್ಮೆ ಮಾಡಿ ತೋರಿಸಿ. ಪವಾಡಪುರುಷರಿಗೆ ಅವರು ಬರೆದ ಪತ್ರಗಳಿಗೂ ಉತ್ತರ ಬರಲಿಲ್ಲ.

ಸಂಗೀತಗಾರರ ಕಿವಿಯನ್ನೂ ಹೀಗೆ ಪರೀಕ್ಷಿಸಿದ್ದಾರೆ. 2010ರಲ್ಲಿ ಇಂಡಿಯಾನಾಪೊಲಿಸ್‌ನ ಪಿಟೀಲು ಸ್ಪರ್ಧೆಗೆ ಬಂದಿದ್ದವರ ನಡುವೆ ಫ್ರಾನ್ಸಿನ ವಿಜ್ಞಾನಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಇಪ್ಪತ್ತೊಂದು ವಾದಕರನ್ನು ಒಪ್ಪಿಸಿದರು. ಆರು ಪಿಟೀಲುಗಳು: ಮೂರು ಹೊಸವು, ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ ಮಂದ ಬೆಳಕಿನ ಕೋಣೆಯಲ್ಲಿ ನುಡಿಸಲು ಕೊಟ್ಟರು. ಹಳೆಯ ಮರದ ವಾಸನೆಯಿಂದ ಗುರುತು ಸಿಗಬಾರದೆಂದು ಗದ್ದ ಇಡುವ ಜಾಗದಲ್ಲಿ ಒಂದು ತೊಟ್ಟು ಸುಗಂಧ ಹಚ್ಚಿದ್ದರು. ಮನೆಗೆ ಒಯ್ಯುವುದಾದರೆ ಯಾವುದು ಎಂದು ಕೇಳಿದಾಗ ಹದಿಮೂರು ಜನ ಹೊಸದನ್ನು ಆರಿಸಿದರು. ಆ ವಾದಕರ ಕೌಶಲದ ಬಗ್ಗೆ ಯಾರಿಗೂ ಸಂದೇಹ ಇಲ್ಲ. ಬೆಲೆಯೂ ಹೆಸರೂ ಮರೆಯಾದಾಗ ಅವರು ನಿಜವಾಗಿ ಕೇಳಿದರು, ಹೊಸ ಪಿಟೀಲು ಮಾಡುವ ಇಂದಿನ ಕುಶಲಕರ್ಮಿಗಳಿಗೆ ಸಲ್ಲಬೇಕಾದ ಗೌರವ ಅಂದು ಸಂದಿತು.

ಧ್ವನಿಯಲ್ಲಿ ದೊಡ್ಡ ವ್ಯತ್ಯಾಸ ತರುವ ವಸ್ತುಗಳು ಇದ್ದೇ ಇವೆ, ಮೊದಲನೆಯದು ಸ್ಪೀಕರ್. ಒಳ್ಳೆಯ ಆಂಪ್ಲಿಫೈಯರಿನ ವಿಕೃತಿ ಶೇಕಡಾ 0.01ರ ಆಸುಪಾಸು ಇದ್ದರೆ, ಸ್ಪೀಕರುಗಳು ಕೆಳಸ್ವರಗಳಲ್ಲಿ ಶೇಕಡಾ ಒಂದನ್ನು ಸಲೀಸಾಗಿ ದಾಟುತ್ತವೆ. ಸ್ಪೀಕರುಗಳಲ್ಲೂ ಕಣ್ಣಿನ ಹಸ್ತಕ್ಷೇಪ ಎಷ್ಟೆಂದು 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ತೋರಿಸಿದರು. ನಲವತ್ತು ಜನ, ಎಲ್ಲರೂ ಆಡಿಯೊ ಕಂಪನಿಯ ನೌಕರರೇ, ನಾಲ್ಕು ಸ್ಪೀಕರುಗಳನ್ನು ನೋಡುತ್ತ ಒಮ್ಮೆ, ಪರದೆಯ ಹಿಂದಿಟ್ಟು ಒಮ್ಮೆ ಕೇಳಿ ಅಂಕ ಕೊಟ್ಟರು. ಕಾಣುತ್ತಿದ್ದಾಗ ದೊಡ್ಡದಕ್ಕೆ, ದುಬಾರಿಯದಕ್ಕೆ ಅಂಕ ಏರಿತು, ಪುಟ್ಟ ಪ್ಲಾಸ್ಟಿಕ್ ಸ್ಪೀಕರಿನದು ಕುಸಿಯಿತು. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿತು, ಸ್ಪೀಕರನ್ನು ಕೋಣೆಯಲ್ಲಿ ಎಲ್ಲಿಟ್ಟಿದೆ, ಯಾವ ಸಂಗೀತ ನುಡಿಯುತ್ತಿದೆ ಎಂಬ ನಿಜವಾದ ವ್ಯತ್ಯಾಸಗಳನ್ನು ಕಿವಿಗಳು ಆಗ ಗುರುತಿಸತೊಡಗಿದವು.

ಎರಡನೆಯದು ಕೋಣೆ, ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಮರೆತೇಹೋದದ್ದು. ಆರ್‌ಸಿಸಿ ಸೂರು, ಗ್ರಾನೈಟ್ ಅಥವಾ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಕಿಟಕಿ: ಸದ್ದನ್ನು ಹೀರುವಂಥದ್ದು ಏನೂ ಇಲ್ಲ. ನಡುಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ನಡುವೆ ಅದು ಟರ್‌ರ್ ಎಂದು ಓಡಾಡುವುದು ಕೇಳುತ್ತದೆ. ದಪ್ಪ ಜಮಖಾನ, ಭಾರದ ಪರದೆ, ಪುಸ್ತಕ ತುಂಬಿದ ಕಪಾಟು, ಬಟ್ಟೆಯ ಸೋಫಾ ಆ ಓಡಾಟವನ್ನು ತಗ್ಗಿಸುತ್ತವೆ. ಮಂದ್ರಸ್ವರಗಳಿಗೆ ಅಷ್ಟು ಸಾಲದು. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಜ್ ಸುಮಾರಿನ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಗಳ ಬಳಿ ಒತ್ತಡ ಗರಿಷ್ಠ, ಸರಿಯಾಗಿ ನಡುವೆ ಸೊನ್ನೆಯ ಹತ್ತಿರ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, 47 ಹರ್ಟ್ಜ್ ಇಟ್ಟು, ಮೊಬೈಲನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಗೋಡೆಯಿಂದ ಗೋಡೆಗೆ ನಡೆದು ನೋಡಿ. ನಾಲ್ಕು ಹೆಜ್ಜೆಯೊಳಗೆ ಸದ್ದು ಹತ್ತು ಡೆಸಿಬೆಲ್‌ಗೂ ಹೆಚ್ಚು ಇಳಿದು ಮತ್ತೆ ಏರುತ್ತದೆ, ಮೂರು ಮೀಟರ್ ತಂತಿಯಲ್ಲಿ ಕಳೆದುಹೋಗುವ 0.04ರ ಇನ್ನೂರೈವತ್ತು ಪಟ್ಟು. ಕುರ್ಚಿಯನ್ನು ಎರಡಡಿ ಹಿಂದೆ ಸರಿಸುವುದಕ್ಕೆ ಖರ್ಚೇನೂ ಇಲ್ಲ.